ಗಟ್ಟಿಮೇಳ ನಿಂತ ಮುಹೂರ್ತ

ನಮ್ಮ ಸೋದರಮಾವನಿಗೆ ಲಗ್ನಪತ್ರಿಕೆ ಕೊಡಲು ನೆಂಟರೆಲ್ಲ ಹೆದರುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಕುಡಿತವಿಲ್ಲ, ಜಗಳವಿಲ್ಲ, ಒಂದು ಹೋಳಿಗೆಯ ಮೇಲೆ ಇನ್ನೊಂದು ಕೇಳಿದವರಲ್ಲ. ಹೆದರಿಕೆ ಇದ್ದದ್ದು ಅವರ ಹಿಂದೆ ಎತ್ತಿನಗಾಡಿಯಲ್ಲಿ ಬರುತ್ತಿದ್ದ ಹಾರ್ಪಿನದು!

ಹಾರ್ಪ್ ಎಂದರೆ ಆಳೆತ್ತರದ ಮರದ ಚೌಕಟ್ಟಿಗೆ ಉದ್ದುದ್ದ ತಂತಿ ಬಿಗಿದು, ಎರಡೂ ಕೈಯಲ್ಲಿ ಮೀಟುವ ವಾದ್ಯ. ಮಾವ ದಂಡುಪ್ರದೇಶದಲ್ಲಿ ಬ್ರಿಟಿಷ್ ದೊರೆಗಳ ಮನೆಯ ಪಿಯಾನೋ ರಿಪೇರಿ ಮಾಡುತ್ತಿದ್ದರು. ದೊರೆಗಳು ಗಂಟುಮೂಟೆ ಕಟ್ಟಿದಾಗ ಒಬ್ಬ ದೊರೆಸಾನಿ ಇದನ್ನು ಇವರಿಗೆ ಕೊಟ್ಟು ಹಡಗು ಹತ್ತಿದಳು. ಹೊಸಕೆರೆಹಳ್ಳಿಯ ಮನೆಯ ಮುಂದೆ ಇಳಿಸಿದಾಗ ಪಕ್ಕದ ಮನೆಯ ಅಜ್ಜಿ ಸುತ್ತಲೂ ನೋಡಿ, ಇದರಲ್ಲಿ ದಿನಕ್ಕೆ ಎಷ್ಟು ಸೀರೆ ನೇಯಬಹುದು ಎಂದು ಕೇಳಿದರಂತೆ.

ಮಾವನ ಆಸೆ ಒಂದೇ. ಯಾವುದಾದರೊಂದು ಮದುವೆಯಲ್ಲಿ, ತಾಳಿ ಕಟ್ಟುವ ಗಳಿಗೆಯಲ್ಲಿ, ಗಟ್ಟಿಮೇಳ ನಿಲ್ಲಿಸಿ ಹಾರ್ಪ್ ಮೀಟಬೇಕು. ಇದೆಂಥ ಆಸೆ ಹೇಳಿ! ಆ ಗಳಿಗೆಯಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದೇ ಅಲ್ಲವೇ ಡೋಲು, ನಾಗಸ್ವರ ಒಟ್ಟಿಗೆ ಮೊಳಗುವುದು? ಯಾರಾದರೂ ಸೀನಿದರೆ ಗತಿಯೇನು ಎಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ಚಿರಂಜೀವಿ ಅಂದ್ರಾಯ್ತು."

ಇಟ್ಟಮಡುವಿನ ಒಂದು ಮದುವೆಯಲ್ಲಿ, ಮೂಲೆಯಲ್ಲಿ ಕೂತು ಮೀಟಿಕೊಳ್ಳಲಿ ಎಂದು ಬಿಟ್ಟರು. ಬಯಲಿನ ಚಪ್ಪರ, ಅರ್ಧ ನಾದವನ್ನು ಗಾಳಿ ಹೊತ್ತೊಯ್ದಿತು, ಉಳಿದದ್ದನ್ನು ವಾಲಗದವರು ನುಂಗಿದರು. ಬೀಗರ ಕಡೆಯ ಹಿರಿಯರೊಬ್ಬರು ಕೈ ತೊಳೆದು ಬಂದು ಒದ್ದೆ ವಲ್ಲಿಯನ್ನು ಹಾರ್ಪಿನ ಮೇಲೆ ಹರವಿ ಹೋದರು. ಮಾವ ಅದರಡಿಯಿಂದಲೇ ಮೀಟುತ್ತಿದ್ದರು!

ಮುಂದೆ ನನ್ನ ತಂಗಿಯ ಮದುವೆ ಗೊತ್ತಾಯಿತು. ಅಪ್ಪ ತೀರಿಕೊಂಡಿದ್ದರು, ಯಜಮಾನಿಕೆ ನನ್ನದು. ಎಳವೆಯಲ್ಲೇ ಸ್ಕೂಲು ಬಿಟ್ಟು ಬಿದಿರು ಗಳ ಹೊತ್ತವನು ನಾನು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಆ ಕಾಲದಲ್ಲಿ ಮದುವೆ ಚಪ್ಪರವೆಂದರೆ ನನ್ನದೇ. ತಂಗಿಗೆ ಹಾಕಿದ ಚಪ್ಪರದಲ್ಲಿ ಒಂದು ಗಳವೂ ಓರೆ ಇರಲಿಲ್ಲ, ನೋಡಿದವರನ್ನು ಕೇಳಿ.

ಹಿಂದಿನ ದಿನ ಮಾವಿನಸೊಪ್ಪು ಕಟ್ಟುತ್ತಿದ್ದಾಗ ಮಾವ ಬಂದು ಅದೇ ಮಾತು ತೆಗೆದರು. ಆಗುವುದಿಲ್ಲ ಎಂದೆ. ಅವರು ಗಳಕ್ಕೆ ಒರಗಿ ನಿಂತರು.

"ಇಷ್ಟೊಂದು ಚಪ್ಪರ ಹಾಕಿದ್ದೀಯ. ತಾಳಿ ಕಟ್ಟೋವಾಗ ಹುಡುಗಿ ಏನಂದ್ಲು ಅಂತ ಯಾವತ್ತಾದ್ರೂ ಕೇಳಿಸಿದ್ಯೇನೋ?"

ಇಲ್ಲವೆಂದೆ.

"ನಿಮ್ಮತ್ತೆ ಏನೋ ಅಂದ್ಲು ಕಣೋ. ತುಟಿ ಆಡಿದ್ದು ನೋಡ್ದೆ. ಗಟ್ಟಿಮೇಳದಲ್ಲಿ ಕೇಳಿಸ್ಲಿಲ್ಲ."

ಆಮೇಲೆ ಕೇಳಿದಾಗಲೆಲ್ಲ ಅತ್ತೆ ನಕ್ಕು, ಇನ್ನೊಂದು ದಿನ ಹೇಳ್ತೀನಿ ಎನ್ನುತ್ತಿದ್ದರಂತೆ. ಚೊಚ್ಚಲ ಹೆರಿಗೆಯಲ್ಲಿ ಹೋಗಿಬಿಟ್ಟರು. ಆ ಇನ್ನೊಂದು ದಿನ ಬರಲೇ ಇಲ್ಲ.

ನಾನು ಪುರೋಹಿತರನ್ನು ಒಪ್ಪಿಸಿದೆ. ವಾಲಗದವರನ್ನೂ ಒಪ್ಪಿಸಿದೆ, ಕಾಲಿಗೆ ಬೀಳುವುದೊಂದು ಬಾಕಿ! ನಾನು ಕೈ ಎತ್ತುವವರೆಗೆ ಅವರು ಊದಕೂಡದು. ಅಮ್ಮನ ಕಟ್ಟಪ್ಪಣೆ ಮಾತ್ರ ಬೇರೆ: ಒಂದು ಸೀನೂ ಬರಬಾರದು. ಚಪ್ಪರದ ಬಾಗಿಲಲ್ಲೇ ನಿಂತು ನೆಂಟರ ನಸ್ಯದ ಡಬ್ಬಿಗಳನ್ನೆಲ್ಲ ಕಸಿದುಕೊಂಡೆ. ಹಿರಿಯರು ಕೋವಿ ಕಳೆದುಕೊಂಡ ಸಿಪಾಯಿಗಳಂತೆ ಸಾಲಾಗಿ ಕೂತರು. ಎಳೆ ಮಕ್ಕಳೆಲ್ಲ ಪಕ್ಕದ ಮನೆಗೆ ರವಾನೆ!

ಮುಹೂರ್ತ ಬಂತು. ಪುರೋಹಿತರು ಅಭ್ಯಾಸಬಲದಿಂದ "ಗಟ್ಟಿ..." ಎಂದವರು ಬಾಯಿ ಮುಚ್ಚಿಕೊಂಡರು. ಮಾವ ಮೀಟಿದರು. ನಾನೇ ಹೊದಿಸಿದ ತೆಂಗಿನಗರಿ ಗಾಳಿಗೆ ಸರಗುಟ್ಟುವುದನ್ನು ಮುಹೂರ್ತದ ಹೊತ್ತಿನಲ್ಲಿ ಮೊದಲ ಸಲ ಕೇಳಿದೆ. ಮದುಮಗ ಗಂಟು ಹಾಕುತ್ತಿದ್ದ. ತಲೆ ತಗ್ಗಿಸಿ ಕೂತಿದ್ದ ತಂಗಿಯ ಪಿಸುಮಾತು ಎಲ್ಲರಿಗೂ ಕೇಳಿಸಿತು.

"ನಿಧಾನ ರೀ, ಕೂದ್ಲು ಸಿಕ್ಕೊಂಡಿದೆ."

ಇಡೀ ಚಪ್ಪರವೇ ನಕ್ಕಿತು. ಮಾವನ ಕೈ ತಂತಿಯ ಮೇಲೇ ನಿಂತಿತು. ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿದರು.

"ಇಷ್ಟೇನೇನೋ?" ಎಂದರು. ತಂತಿಯಿಂದ ಕೈ ತೆಗೆದು, "ಇಷ್ಟೇ ಇರ್ಬೇಕು. ಅವತ್ತು ನಾನು ಕೈ ನಿಲ್ಲಿಸ್ಲಿಲ್ಲ ಕಣೋ. ಗಂಟು ಎಳೆದ್ಬಿಟ್ಟೆ ಅನ್ಸತ್ತೆ."

ಅವರ ಗದ್ದ ನಡುಗತೊಡಗಿತು. ಕೊನೆಯ ಗಂಟು ಇನ್ನೂ ಬಾಕಿಯಿತ್ತು. ಮುಹೂರ್ತದಲ್ಲಿ ಅಳು ಕೇಳಿಸಬಾರದು. ನಾನು ಕೈ ಎತ್ತಿ "ಗಟ್ಟಿಮೇಳ" ಎಂದು ಕೂಗಿದೆ.

ಡೋಲು ಸಿಡಿಯಿತು, ನಾಗಸ್ವರ ಏರಿತು. ಹಾರ್ಪಿಗೆ ಹಣೆಯೊತ್ತಿಕೊಂಡು ಮಾವ ಎಷ್ಟು ಗಟ್ಟಿಯಾಗಿ ಅತ್ತರೋ ಗೊತ್ತಿಲ್ಲ. ಪಕ್ಕದಲ್ಲೇ ಇದ್ದ ನನಗೂ ಕೇಳಿಸಲಿಲ್ಲ.