ಅತ್ತೆ ಹಾಡು ಕಲಿಯಲು ಹೋದದ್ದು

ನನ್ನ ಸೋದರತ್ತೆಗೆ ಹೆದರದ ಪ್ರಾಣಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವಳ ಊರು ಮೊಗುಡಂಪಲ್ಲಿಯ ಕಡೆ ಸುಳಿದಿಲ್ಲ!

ಮೈಕಟ್ಟು ನೋಡಿ ಹೀಗೆ ಹೇಳುತ್ತಿಲ್ಲ. ಜೋರು ಗಾಳಿ ಬಂದರೆ ಸೆರಗಿನ ಜೊತೆ ಅವಳೂ ಹಾರಿಹೋದಾಳು, ಅಷ್ಟು ಸಣಕಲು. ಆದರೆ ಆ ದನಿ! ಕುರಿ ಕಾಯುತ್ತ ಬೆಳೆದು, ಕುರಿ ಕಾಯುತ್ತಲೇ ಅಜ್ಜಿಯಾದ ಹೆಂಗಸಿನ ದನಿ ಅದು. ಹೊಲದ ಬದುವಿನ ಮೇಲೆ ನಿಂತು ಒಮ್ಮೆ ಕೂಗಿದಳೆಂದರೆ, ಗಡಿ ದಾಟಿ ಬೀದರ್ ಜಿಲ್ಲೆಯಲ್ಲಿ ಮೇಯುತ್ತಿದ್ದ ಕುರಿಗಳು ತೆಲಂಗಾಣಕ್ಕೆ ಓಡಿ ಬರುತ್ತಿದ್ದವು. ನಮ್ಮವಷ್ಟೇ ಅಲ್ಲ, ಅಲ್ಲಿಯವರ ಕುರಿಗಳೂ! ಒಮ್ಮೆ ಹೊರಟುಬಿಟ್ಟಿದ್ದ ಬಸ್ಸನ್ನು ಅವಳು ಕೂಗಿ ನಿಲ್ಲಿಸಿದಾಗ, ಡ್ರೈವರ್ ಗಾಬರಿಯಿಂದ ಇಳಿದು ಬಂದು ನೋಡಿದ್ದು ಅವಳನ್ನಲ್ಲ, ಟೈರುಗಳನ್ನು. ಏನೋ ಒಡೆಯಿತೆಂದು ತಿಳಿದಿದ್ದನಂತೆ.

ಅಂಥ ಅತ್ತೆ ಒಂದು ಮುಂಜಾನೆ ಜಹೀರಾಬಾದಿನ ನಮ್ಮ ಮನೆಗೆ ಬಂದಳು. ಚಹಾ ಮುಟ್ಟಲಿಲ್ಲ. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪಿಸುಗುಟ್ಟಿದಳು.

“ತಮ್ಮಾ, ಇಲ್ಲಿ ಹಾಡಾ ಕಲಿಸೋ ಸಾಲಿ ಎಲ್ಲದೋ?”

“ಯಾರಿಗಿ ಅತ್ತಿ?”

“ನನಗ.”

ನಗು ತಡೆಯಲಾಗಲಿಲ್ಲ. ಅತ್ತೆ ನನ್ನ ಕೈ ಹಿಡಿದಳು.

“ನಗಬ್ಯಾಡೋ. ನನಗ ಭಾಳ ಅಂಜಿಕಿ ಬರಾಕತ್ತದ.”

ಅತ್ತೆಗೆ ಅಂಜಿಕೆ! ಹೆದರಿಕೆ ಎಂಬುದು ಅವಳು ಊರಿಗೆಲ್ಲ ಹಂಚುವ ಸರಕು, ತನಗೆಂದು ಇಟ್ಟುಕೊಂಡದ್ದನ್ನು ಯಾರಾದರೂ ಕಂಡಿದ್ದರೇ? ಈಗ ನನಗೂ ಹೆದರಿಕೆಯಾಯಿತು. ಅವಳನ್ನು ಬೈಕ್ ಹತ್ತಿಸಿಕೊಂಡು ಹೊರಟೆ.

ಸಂಗೀತ ಶಾಲೆ ಇದ್ದದ್ದು ದರ್ಜಿಯ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಬರೀ ಕೂಗಿನಿಂದ ತೋಳಗಳನ್ನು ಓಡಿಸುತ್ತಿದ್ದ ಹೆಂಗಸು ಆ ಮೆಟ್ಟಿಲು ಹತ್ತುವಾಗ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು! ಮೇಲೆ ಹಾರ್ಮೋನಿಯಂ ಮುಂದೆ ಕೂತಿದ್ದ ಮಾಸ್ತರರು “ಬರ್ರಿ ಅವ್ವಾ” ಎಂದರು. ಅತ್ತೆ ಕೂರಲಿಲ್ಲ. ಸೇರುವ ಮೊದಲು ತಿಳಿಯಬೇಕಾದ್ದು ಬಹಳವಿತ್ತು ಅವಳಿಗೆ.

“ಬಡೀತೀರೇನ್ರಿ?”

ಮಾಸ್ತರರು ಅವಳ ನರೆತ ತಲೆಯನ್ನು ನೋಡಿದರು. “ಇಲ್ರಿ. ನೀವು ನನಗ ಬಡೀದಿದ್ರ ಸಾಕು.”

“ಖಾರಾ ತಿನ್ನಾದು ಬಿಡಬೇಕೇನ್ರಿ?”

“ಖಾರಾ ಬಿಟ್ರ ನಮ್ಮ ಕಡಿ ಮಂದಿ ಬದುಕ್ತಾರೇನ್ರಿ?”

“ಮಂದಿ ಮುಂದ ನಿಂದ್ರಿಸಿ ಹಾಡಸ್ತೀರೇನು?”

“ನೀವು ಹೂಂ ಅಂದ್ರ ಅಷ್ಟೇ.”

ಅತ್ತೆ ಒಂದು ಹೆಜ್ಜೆ ಹತ್ತಿರ ಬಂದಳು. “ಇದ್ದ ಅವಾಜು ಮೆತ್ತಗ ಆಗ್ತದೇನ್ರಿ? ಕೇಳಿದವ್ರು ಅಂಜಬಾರ್ದು, ಹಂಗ?”

ಮಾಸ್ತರರು ಗಂಭೀರರಾದರು. “ಆಗ್ತದ್ರಿ, ಜರಾ ಟೈಮ್ ಹಿಡೀತದ. ಈಗೇ ಹಾರ್ಮೋನಿಯಂ ಪೆಟ್ಟಿಗಿ ಖರೀದಿ ಮಾಡಾಕ ಹೋಗಬ್ಯಾಡ್ರಿ. ಮೊದಲ ಒಂದಿನ ಹುಡುಗರ ಜೋಡಿ ಕುಂತು ಸುಮ್ನ ಕೇಳ್ರಿ. ಗಂಟಲಾ ನೋಯ್ತಂದ್ರ ನಿಲ್ಲಿಸಿಬಿಡ್ರಿ. ಮತ್ತ, ಯಾಕ ಕಲೀಬೇಕಂತೀರಿ ಅದೊಂದು ಹೇಳ್ರಿ. ಅದು ತಿಳಿದ್ರ ಏನು ಕಲಿಸಬೇಕಂತ ನನಗ ತಿಳೀತದ.”

“ಸುಮ್ನರಿ” ಎಂದಳು ಅತ್ತೆ. ಅಷ್ಟು ಕೆಟ್ಟದಾಗಿ ಸುಳ್ಳು ಹೇಳಿದವರನ್ನು ನಾನು ಇದುವರೆಗೆ ನೋಡಿಲ್ಲ.

ಒಂದು ದಿನ ಕೇಳಿದ್ದಾಯಿತು. ಮರುದಿನ ಪಾಠ. ಸಣ್ಣ ಸಣ್ಣ ಹುಡುಗಿಯರ ನಡುವೆ ಅತ್ತೆ ಕಾಲು ಮಡಚಿ ಕೂತಳು. ಮಾಸ್ತರರು ಹಾರ್ಮೋನಿಯಮ್ಮಿನ ಒಂದು ಮನೆ ಒತ್ತಿ “ಸಾ ಅನ್ರಿ” ಎಂದರು. ಅತ್ತೆಯ ಬಾಯಿ ತೆರೆಯಿತು. ದನಿ ಹೊರಡಲಿಲ್ಲ. “ಅಂಜಬ್ಯಾಡ್ರಿ, ಬಿಡ್ರಿ ದನಿ” ಎಂದರು ಮಾಸ್ತರರು. ಅಯ್ಯೋ, ಹಾಗೆ ಹೇಳಬಾರದಿತ್ತು! ಅತ್ತೆ ಬಿಟ್ಟಳು. ಕೆಳಗೆ ಹೊಲಿಗೆ ಯಂತ್ರ ನಿಂತಿತು. ಹುಡುಗಿಯರು ಕಿವಿ ಮುಚ್ಚಿಕೊಂಡರು. ದರ್ಜಿ ಅರ್ಧ ಹೊಲಿದ ಪೈಜಾಮ ಹಿಡಿದು ಮೇಲೆ ಓಡಿಬಂದು, “ಕ್ಯಾ ಹುವಾ? ಯಾರಿಗೇನಾತು?” ಎಂದ.

ಮಾಸ್ತರರು ಹಾರ್ಮೋನಿಯಮ್ಮಿನ ಮನೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಒತ್ತಿ ನೋಡಿ ಹೇಳಿದರು. “ಅವ್ವಾ, ನಿಮ್ಮ ಸಾ ನಮ್ಮ ಪೆಟ್ಟಿಗ್ಯಾಗ ಇಲ್ರಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತೆ ಎದ್ದು ಹೊರಗೆ ಹೋದಳು. ಹುಡುಕಿದರೆ, ದರ್ಜಿಯ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

“ನೋಡಿದ್ಯಾ? ಹುಡುಗೂರು ಕಿವಿ ಮುಚ್ಕೊಂಡ್ವು” ಎಂದಳು. ಇನ್ನು ಅವಳು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಮರುದಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳಂತೆ.

ಊರಲ್ಲಿ ಅಭ್ಯಾಸ ಶುರುವಾಯಿತು. ಕೂಗುವುದನ್ನು ಬಿಟ್ಟು ಅತ್ತೆ ಮೆಲ್ಲಗೆ ಮಾತಾಡತೊಡಗಿದಳು. ಕುರಿಗಳಿಗೆ ಇದು ಅರ್ಥವಾಗಲಿಲ್ಲ. ಹೊರಡಿ ಎಂದರೆ ಬಂದು ಅವಳ ಕೈ ನೆಕ್ಕುತ್ತಿದ್ದವು! ಜನಕ್ಕೆ ಮಾತ್ರ ದೊಡ್ಡ ಭಯ ಹುಟ್ಟಿತು. ಕೂಗುವ ಅತ್ತೆಗೆ ಒಂದು ಪಟ್ಟು ಹೆದರುತ್ತಿದ್ದವರು ಕೂಗದ ಅತ್ತೆಗೆ ನಾಲ್ಕು ಪಟ್ಟು ಹೆದರಿದರು. ಪಕ್ಕದ ಮನೆಯಾಕೆ ತಾಯಿತ ತಂದಳು. ಮಾವ ನನಗೆ ಫೋನ್ ಮಾಡಿದ. “ಲೇ, ನಿಮ್ಮತ್ತಿ ನನಗ ಊಟಕ್ಕ ಬರ್ರಿ ಅಂದಾಳ, ಮೆತ್ತಗ! ಏನಾಗ್ಯಾದೋ ಆಕಿಗಿ? ಡಾಕ್ಟರ್ ಬಲ್ಲಿ ಒಯ್ಯಬೇಕೇನು?”

ನಾನೇ ಹೋದೆ. ಅತ್ತೆ ಬೇವಿನ ಮರದ ಕೆಳಗೆ ಕೂತು ಒಳಗೊಳಗೇ ‘ಸಾ’ ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತು, ಯಾಕೆಂದು ಹೇಳದಿದ್ದರೆ ಇನ್ನು ಬೈಕ್ ಹತ್ತಿಸುವುದಿಲ್ಲ ಎಂದೆ. ಆಗ ಬಾಯಿ ಬಿಟ್ಟಳು.

ಅವಳ ಮಗಳನ್ನು ನಾರಾಯಣಖೇಡಕ್ಕೆ ಕೊಟ್ಟಿದೆ. ಆ ಮಗಳ ಕೂಸಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಇತ್ತೀಚೆಗೆ ಹೈದರಾಬಾದಿನಲ್ಲಿ ಆಪರೇಷನ್ ಮಾಡಿ ಕಿವಿಯೊಳಗೆ ಯಂತ್ರ ಕೂಡಿಸಿದ್ದರು. ಗಾಯ ಮಾಗಿದ ಮೇಲೆ ಅದನ್ನು ಚಾಲೂ ಮಾಡುವವರಿದ್ದರು. ಆಮೇಲೆ ಮನೆಯವರೆಲ್ಲ ಅದರ ಜೊತೆ ಮಾತಾಡಬೇಕು, ಹಾಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

“ಆ ಕೂಸು ನನ್ನ ಮಾರಿ ನೋಡಿ ನಗ್ತದೋ ತಮ್ಮಾ. ಓಡಿ ಬಂದು ತೊಡಿ ಮ್ಯಾಲ ಕೂಡ್ತದ. ನನ್ನ ಅವಾಜು ಹೆಂಗದ ಅಂತ ಅದಕ್ಕ ಗೊತ್ತಿಲ್ಲ.” ಅತ್ತೆ ಗಂಟಲು ಮುಟ್ಟಿಕೊಂಡಳು. “ಆ ದಿನ ಕೇಳಿ ಅಂಜಿಬಿಟ್ರ? ಮತ್ತ ನನ್ನ ಬಲ್ಲಿ ಬರ್ಲಿಲ್ಲಂದ್ರ?”

ಮರುದಿನ ಅವಳ ಎದುರಿಗೇ ಮಾಸ್ತರರಿಗೆ ಹೇಳಿದೆ. ಅವರು ಹುಡುಗಿಯರನ್ನು ಬೇಗ ಮನೆಗೆ ಕಳಿಸಿ, ಹಾರ್ಮೋನಿಯಂ ಬದಿಗಿಟ್ಟು, “ಸರಿಗಮಾ ಇರ್ಲಿ ಬಿಡ್ರಿ. ಒಂದು ಜೋಗುಳಾ ಕಲಿಯೋಣು” ಎಂದರು.

ಯಂತ್ರ ಚಾಲೂ ಮಾಡುವ ದಿನ ನಾನೂ ಜೊತೆಗೆ ಹೋದೆ. ಹೈದರಾಬಾದಿನ ಆಸ್ಪತ್ರೆಯ ಸಣ್ಣ ಕೋಣೆ. ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ಕೂಸು ಬೆಚ್ಚಿಬಿದ್ದು ಚಿಟಾರನೆ ಚೀರಿತು. ತಾಯಿ ಕರೆದಳು, ತಂದೆ ಕರೆದ. ಅಳು ಹೆಚ್ಚಿತು. ಅತ್ತೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

“ನಾ ಒಲ್ಲೆ ತಮ್ಮಾ. ಹೊರಗ ಹೋಗ್ತೀನಿ.”

ಆದರೆ ಕೂಸು ಅವಳನ್ನು ಕಂಡಿತ್ತು. ಅಳುತ್ತಲೇ ಎರಡೂ ಕೈ ಚಾಚಿತು. ಎತ್ತಿಕೊಳ್ಳದೆ ಹೇಗಿರುತ್ತಾಳೆ? ಎತ್ತಿಕೊಂಡಳು. ಕಲಿತ ಜೋಗುಳ ಪೂರಾ ಮರೆತುಹೋಗಿತ್ತು. ಒಡೆದ ದನಿ, ಯಾವ ಶ್ರುತಿಗೂ ಸೇರದೆ, “ಜೋ…” ಎಂದು ಹೊರಟಿತು.

ಕೂಸಿನ ಅಳು ಗಕ್ಕನೆ ನಿಂತಿತು. ಕಣ್ಣು ಅಗಲಿಸಿ ಅತ್ತೆಯ ಬಾಯಿಯನ್ನೇ ನೋಡಿತು. ಹೆದರಿತೆಂದು ತಿಳಿದ ಅತ್ತೆ ಪಟ್ಟನೆ ತುಟಿ ಬಿಗಿದಳು.

ಕೂಸು ತನ್ನ ಪುಟ್ಟ ಬೆರಳುಗಳಿಂದ ಅಜ್ಜಿಯ ಮುಚ್ಚಿದ ತುಟಿಗಳನ್ನು ಬಿಡಿಸಲು ನೋಡಿತು.