ಕಂದು ಟೋಪಿಯ ಪೈಲ್ವಾನ

ಟೋಪಿ ತಲೆಗಿಂತ ಒಂದು ಬೆರಳಿನಷ್ಟು ದೊಡ್ಡದಾಗಿದ್ದದ್ದೇ ಎಲ್ಲಕ್ಕೂ ಮೂಲ. ಅಂಗಡಿಯಲ್ಲಿ ಕಂದು ಬಣ್ಣದ್ದು ಅದೊಂದೇ ಉಳಿದಿತ್ತು. ಲವೀನಿಯಾಗೆ ಕಂದು ಬಣ್ಣವೇ ಬೇಕಿತ್ತು. ಗಂಡನ ತಲೆಯ ಅಳತೆ ಅಷ್ಟು ಮುಖ್ಯವೆನಿಸಲಿಲ್ಲ. ಒಳಗೆ ಹಳೆಯ ಪತ್ರಿಕೆ ಮಡಚಿ ತುರುಕಿ, ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ‘ಹೋಬರ್ಟ್ ಪ್ರಿಂಗಲ್, ಅಂಚೆ ಕಚೇರಿ, ಮಿಲ್ ಕ್ರೀಕ್, ಅಯೋವಾ’ ಎಂದು ಹೊಲಿದು ಅವನ ತಲೆಗೇರಿಸಿದ್ದಳು. ಗಂಡ ಕಳೆದುಹೋದರೂ ಟೋಪಿಯಾದರೂ ಮನೆಗೆ ಬರಲಿ ಎಂದು.

ಹೋಬರ್ಟ್ ಅಂಚೆ ಗುಮಾಸ್ತ. ಜೀವಮಾನದಲ್ಲಿ ಅವನು ಎತ್ತಿದ ಅತಿ ಭಾರದ ವಸ್ತುವೆಂದರೆ ಬೀಜದ ಕಂಪನಿಯ ಕ್ಯಾಟಲಾಗು. ಆದರೆ ಕುಸ್ತಿ ನೋಡುವುದೆಂದರೆ ಪ್ರಾಣ. ಊರೂರು ತಿರುಗುವ ಕುಸ್ತಿ ಕಂಪನಿಯೊಂದು ಆ ಶನಿವಾರ ಕುದುರೆ ಲಾಯದ ಹಿಂದಿನ ಬಯಲಲ್ಲಿ ಡೇರೆ ಹಾಕಿತ್ತು. ಲವೀನಿಯಾಳ ಅಣ್ಣ ಇಂಥದೇ ಕಂಪನಿಯಲ್ಲಿ ದುಡಿದು ಅರ್ಧ ಕಿವಿ ಕಳೆದುಕೊಂಡು ಬಂದವನು. ಹಾಗಾಗಿ ಅವಳು ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು.

“ಆ ಡೇರೆ ಕಡೆ ಕಾಲಿಟ್ರೆ ನಾನು ಡುಬ್ಯೂಕಿಗೆ, ಅಮ್ಮನ ಮನೆಗೆ ಹೊರಟೆ ಅಂತ ತಿಳ್ಕೊಳ್ಳಿ. ಆಮೇಲೆ ನೀವು ಅಂಚೆಚೀಟಿ ನೆಕ್ಕೊಂಡೇ ಹೊಟ್ಟೆ ತುಂಬಿಸ್ಕೋಬೇಕು.”

“ನಂಗೆ ಹಲ್ಲುನೋವು ಕಣೆ. ಮಲಗಿರ್ತೀನಿ,” ಎಂದು ಹೋಬರ್ಟ್ ದವಡೆ ಹಿಡಿದುಕೊಂಡ.

ಅವಳು ಚರ್ಚಿನ ಹೆಂಗಸರ ಜೊತೆ ಕೌದಿ ಹೊಲಿಯಲು ಹೋದಳು. ಅವಳು ಬೀದಿಯ ಮೂಲೆ ತಿರುಗುವುದರೊಳಗೆ ಹಲ್ಲುನೋವು ವಾಸಿಯಾಗಿತ್ತು.

ಡೇರೆಯೊಳಗೆ ಮುಂದಿನ ಬೆಂಚಿನಲ್ಲೇ ಜಾಗ ಸಿಕ್ಕಿತು. ಎಡಕ್ಕೆ ಕಮ್ಮಾರ ಗುಸ್ ಹಾಲ್ವರ್ಸನ್, ಬಲಕ್ಕೆ ದಿನಸಿ ಅಂಗಡಿಯ ಡೆಲ್ಬರ್ಟ್ ಕ್ರೌಸ್. ಹಗ್ಗ ಕಟ್ಟಿದ ಅಖಾಡದ ನಡುವೆ ‘ಬಲ್ಗೇರಿಯಾದ ಕರಡಿ’ ನಿಂತಿದ್ದ. ಕತ್ತು ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಯಿತೋ ಹೇಳುವಂತಿರಲಿಲ್ಲ. ಅವನಿಗೆ ನಮ್ಮ ಮಾತು ಒಂದಕ್ಷರ ಬರುವುದಿಲ್ಲ, ಹಸಿ ಮಾಂಸ ತಿನ್ನುತ್ತಾನೆ ಎಂದು ಕಂಪನಿಯ ಯಜಮಾನ ಕರ್ನಲ್ ಫಿಚ್ ಸಾರುತ್ತಿದ್ದ.

“ಗಂಡಸಾದೋನು ಟೋಪಿ ಎಸೀಲಿ. ಹಗ್ಗದೊಳಗೆ ಟೋಪಿ ಬಿತ್ತು ಅಂದ್ರೆ ಸವಾಲು ಅಂತ ಅರ್ಥ. ಎಸೆದು ಹೆದರಿ ಕೂತೋನ ಟೋಪೀನ ಬಾಗಿಲಿಗೆ ಮೊಳೆ ಹೊಡೆದು, ಕೆಳಗೆ ಹೆಸರು ಬರೆದು ಹಾಕ್ತೀವಿ.”

ಯಾರೂ ಮಿಸುಕಲಿಲ್ಲ. ಕರಡಿ ಹೂಂಕರಿಸಿ ನೆಲಕ್ಕೆ ಕಾಲು ಅಪ್ಪಳಿಸಿದ. ಮರದ ಹೊಟ್ಟು ಮೋಡದ ಹಾಗೆ ಎದ್ದು ಮುಂದಿನ ಬೆಂಚಿಗೆ ಬಂತು. ಹೋಬರ್ಟನ ಮೂಗು ಮೊದಲೇ ಸೂಕ್ಷ್ಮ. ಅವನು ಮೂಗು ಹಿಂಡಿದ, ಉಸಿರು ಕಟ್ಟಿದ, ಕೊನೆಗೆ ಇಡೀ ದೇಹವೇ ಸೀನಿತು. ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು. ಟೋಪಿ ಮುಂದಕ್ಕೆ ಹೋಗಿದ್ದು ಹಿಂದಕ್ಕೆ ಬರಲಿಲ್ಲ.

ಅದು ಹಗ್ಗದ ಮೇಲಿಂದ ಹಾರಿ ಕರಡಿಯ ಕಾಲ ಬುಡದಲ್ಲಿ ಬಿತ್ತು. ಕರ್ನಲ್ ಅದನ್ನೆತ್ತಿ, ತೃಪ್ತಿಯಿಂದ ತಲೆಯಾಡಿಸಿ, ಕೆಂಪು ದಾರದ ಅಕ್ಷರಗಳನ್ನು ಅಂಚೆ ಕಚೇರಿ ಸಮೇತ ಗಟ್ಟಿಯಾಗಿ ಓದಿದ.

“ನಾನು ಎಸೀಲಿಲ್ಲ. ಸೀನಿದೆ, ಅಷ್ಟೆ,” ಎಂದ ಹೋಬರ್ಟ್.

“ಟೋಪಿ ಬಿದ್ದ ಮೇಲೆ ಮಾತಿಲ್ಲ ಹೋಬರ್ಟ್,” ಎಂದ ಗುಸ್ ಗಂಭೀರವಾಗಿ. “ನಿಯಮ ಅಂದ್ರೆ ನಿಯಮ.”

“ನಿಂಗೇನಾದ್ರೂ ಆದ್ರೆ ಲವೀನಿಯಾಗೆ ನಾನು ಮೆತ್ತಗೆ ಹೇಳ್ತೀನಿ ಬಿಡು,” ಎಂದ ಡೆಲ್ಬರ್ಟ್.

“ಅವಳಿಗೆ ಹೇಳೋದೇ ಬೇಡ ಮಾರಾಯ.”

ಹೋಬರ್ಟ್ ಬಾಗಿಲ ಕಡೆ ನೋಡಿದ. ಓಡಿಹೋಗಬಹುದಿತ್ತು. ಆದರೆ ಚರ್ಚಿನಿಂದ ಮನೆಗೆ ಹೋಗುವ ದಾರಿ ಆ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಮೊಳೆಗೆ ನೇತಾಡುವ ತನ್ನದೇ ಕಸೂತಿಯನ್ನು ಲವೀನಿಯಾ ಓದುವುದಕ್ಕಿಂತ ಒಂದೆರಡು ಪಕ್ಕೆಲುಬು ಹೋಗುವುದೇ ಅಗ್ಗ ಎನ್ನಿಸಿತು. ಕೋಟು, ಬೂಟು ಬಿಚ್ಚಿ, ಹರಿದ ಕಾಲುಚೀಲದಿಂದ ಇಣುಕುವ ಹೆಬ್ಬೆರಳನ್ನು ಮಡಚಿಕೊಂಡು ಹಗ್ಗದ ಕೆಳಗೆ ನುಸುಳಿದ.

ಗಂಟೆ ಹೊಡೆಯಿತು. ಕರಡಿ ಒಂದೇ ನೆಗೆತಕ್ಕೆ ಬಂದು ಅವನ ಕತ್ತನ್ನು ಕಂಕುಳಲ್ಲಿ ಸೇರಿಸಿಕೊಂಡ. ಹೋಬರ್ಟನ ಕಣ್ಣಿಗೆ ಕತ್ತಲು ಕವಿಯಿತು. ಆ ಕತ್ತಲಲ್ಲಿ ಯಾರೋ ಪಕ್ಕದೂರಿನ ಹಾಲಿನವನ ಹಾಗೆ ನಮ್ಮದೇ ಮಾತಿನಲ್ಲಿ ಕಿವಿಯಲ್ಲಿ ಪಿಸುಗುಟ್ಟಿದರು.

“ಕಂದು ಟೋಪಿ ನಿಂದೇ ತಾನೆ?”

ಬಲ್ಗೇರಿಯಾದವನೇ ಮಾತಾಡುತ್ತಿದ್ದ. ಹೋಬರ್ಟ್ ತೊದಲಿದ. “ನಂದೇ. ಅದೊಂದು ವಾಪಸ್ ಸಿಕ್ಕಿದ್ರೆ ಸಾಕು.”

“ಎಲ್ಲಾ ಸಿಗತ್ತೆ. ಎಷ್ಟು ಹೊತ್ತು ಆಡಿಸೋಣ?”

“ಬೇಗ ಮುಗಿಸಿಬಿಡಿ ಅಣ್ಣ. ಹೆಂಡ್ತಿ ಬರೋದ್ರೊಳಗೆ ಮನೆ ಸೇರ್ಬೇಕು.”

“ಈ ಸಲ ಸಂಸಾರಸ್ಥನ್ನ ಹಿಡ್ಕೊಂಡು ಬಂದಿದಾನೆ ಕರ್ನಲ್,” ಎಂದು ಕರಡಿ ನಿಟ್ಟುಸಿರು ಬಿಟ್ಟ. “ಸರಿ, ಈಗ ನಿನ್ನನ್ನ ನನ್ನ ತಲೆ ಮೇಲೆ ಎತ್ತಿ ತಿರುಗಿಸ್ತೀನಿ. ಚೆನ್ನಾಗಿ ಕೂಗು.”

ಕೂಗುವುದನ್ನು ಹೋಬರ್ಟನಿಗೆ ಹೇಳಿಕೊಡಬೇಕಾಗಿರಲಿಲ್ಲ. ಡೇರೆಯ ಕಂಬ, ದೀಪ, ಡೆಲ್ಬರ್ಟನ ತೆರೆದ ಬಾಯಿ ಎಲ್ಲವೂ ಗಿರಗಿರ ತಿರುಗಿದವು. ಹಿಂದಿನ ಸಾಲಿನಲ್ಲಿ ಯಾರೋ ಪ್ರಾರ್ಥನೆ ಶುರುಮಾಡಿದರು.

“ಇಳಿಸ್ತೀನಿ. ನನ್ನ ಕಿರುಬೆರಳು ಹಿಡ್ಕೊ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಹೋಬರ್ಟ್ ಕಾಗದದ ಕಟ್ಟು ಹಿಡಿದಂತೆ ಎರಡೂ ಕೈಯಲ್ಲಿ ಕಿರುಬೆರಳು ಹಿಡಿದ. ಕರಡಿ ಹೃದಯವಿದ್ರಾವಕವಾಗಿ ಚೀರಿ, ತೂರಾಡಿ, ಹೋಬರ್ಟನನ್ನು ಎದೆಯ ಮೇಲೆ ಎಳೆದುಕೊಂಡೇ ಅಂಗಾತ ಬಿದ್ದ. ತೀರ್ಪುಗಾರ ಹೋಬರ್ಟನ ಬೆನ್ನು ತಟ್ಟಿ ಗೆದ್ದನೆಂದು ಸಾರಿದ.

ಬೆಟ್ಟದಂಥ ಆ ಎದೆಯ ಮೇಲೆ ಮಲಗಿದ್ದಂತೆಯೇ ಹೋಬರ್ಟ್ ಬಾಗಿಲ ಕಡೆ ನೋಡಿದ. ಅಲ್ಲಿ ಗೂಳಿ ಕತ್ತಿನ ಅಪರಿಚಿತನೊಬ್ಬ ಏದುಸಿರು ಬಿಡುತ್ತಾ ನಿಂತಿದ್ದ. “ರೈಲು ತಡ ಆಯ್ತು ಕರ್ನಲ್,” ಎಂದು ತನ್ನ ಕಂದು ಟೋಪಿ ಎತ್ತಿ ತೋರಿಸುತ್ತಿದ್ದ. ಕರ್ನಲನ ಮುಖ ಸುಣ್ಣದಂತಾಯಿತು.

ಕರಡಿಯೂ ನೋಡಿದ. “ಕರ್ನಲ್ ಮುಖ ನೋಡದೆ ಕಾಗದದಲ್ಲೇ ಗೊತ್ತುಮಾಡಿದ ಕಂದು ಟೋಪಿಯವನು ಅವನು. ನಾನು ಬೀಳ್ತೀನಿ ಅಂತ ಒಪ್ಪಿದ್ದು ಅವನಿಗೆ. ಹಾಗಾದ್ರೆ ನೀನ್ಯಾರಯ್ಯಾ?”

“ಅಂಚೆ ಗುಮಾಸ್ತ,” ಎಂದ ಹೋಬರ್ಟ್.

ಮುಂದೆ ಏನಾಗುತ್ತಿತ್ತೋ, ಅಷ್ಟರಲ್ಲಿ ಊರಿಗೂರೇ ಹಗ್ಗ ಕಿತ್ತು ಒಳನುಗ್ಗಿತು. ಗುಸ್ ಅವನನ್ನು ಭುಜದ ಮೇಲೆ ಕೂರಿಸಿಕೊಂಡ. ಡೆಲ್ಬರ್ಟ್ ಟೋಪಿ ತಂದು ತಲೆಗಿಟ್ಟ. ಒಳಗಿನ ಪತ್ರಿಕೆ ಉದುರಿಹೋಗಿದ್ದರಿಂದ ಅದು ಕಣ್ಣು ಮುಚ್ಚುವವರೆಗೂ ಇಳಿಯಿತು. ಊರ ಬ್ಯಾಂಡಿನವರು ಶುರುಹಚ್ಚಿಕೊಂಡರು.

“ಗುಸ್, ಹಿಂದಿನ ಓಣೀಲಿ ಹೋಗೋಣ. ಕೈ ಮುಗೀತೀನಿ.”

“ಕರಡಿ ಕೆಡವಿದೋನು ಓಣೀಲಿ ಹೋಗ್ತಾನೇನೋ? ನಾಚಿಕೆ ಪಟ್ಕೋಬೇಡ.”

ಮೆರವಣಿಗೆ ದೊಡ್ಡ ಬೀದಿಯಲ್ಲೇ ಸಾಗಿತು. ಹೋಬರ್ಟನಿಗೆ ಟೋಪಿಯ ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಬ್ಯಾಂಡು ನಿಂತಿತು. ಮೆಲ್ಲನೆ ಟೋಪಿ ಮೇಲೆತ್ತಿ ನೋಡಿದ. ಚರ್ಚಿನ ಮೆಟ್ಟಿಲ ಮೇಲೆ ಹೆಂಗಸರೆಲ್ಲ ಸೂಜಿ ಹಿಡಿದೇ ಬಂದು ನಿಂತಿದ್ದರು. ಎಲ್ಲರಿಗಿಂತ ಮುಂದೆ ಲವೀನಿಯಾ.

“ಹಲ್ಲುನೋವು ಹೇಗಿದೆ?” ಎಂದಳು.

ಹೋಬರ್ಟ್ ಮತ್ತೆ ದವಡೆ ಹಿಡಿದುಕೊಂಡ. ಲವೀನಿಯಾ ನಿಧಾನವಾಗಿ ಗಲ್ಲದ ಕೆಳಗಿನ ರಿಬ್ಬನ್ ಬಿಚ್ಚಿದಳು. ಹೂವಿನ ಟೋಪಿಯನ್ನು ತಲೆಯಿಂದ ತೆಗೆದು, ಒಮ್ಮೆ ಧೂಳು ಕೊಡವಿ, ಬೀದಿಯ ನಡುವಿಗೆ ಎಸೆದಳು. ಅದು ಗುಸ್‌ನ ಕಾಲ ಬಳಿ ಬಂದು ಬಿತ್ತು.

ಜನ ಸದ್ದಿಲ್ಲದೆ ಹಿಂದೆ ಸರಿದು ಸುತ್ತ ನಿಂತರು. ಗುಸ್ ಹೋಬರ್ಟನನ್ನು ಭುಜದಿಂದ ಇಳಿಸಿದ.

“ಟೋಪಿ ಬಿದ್ದ ಮೇಲೆ ಮಾತಿಲ್ಲ ಹೋಬರ್ಟ್.”

ಲವೀನಿಯಾ ಅಂಗಿಯ ತೋಳು ಮೇಲಕ್ಕೆ ಮಡಚುತ್ತಾ ಮೆಟ್ಟಿಲಿಳಿದು ಬಂದಳು. ಹೋಬರ್ಟ್ ಅವಳ ಕಿವಿಯ ಹತ್ತಿರ ಬಾಗಿ, ಆಗಷ್ಟೇ ಕಲಿತ ವಿದ್ಯೆಯನ್ನು ಪ್ರಯೋಗಿಸಿದ.

“ಎಷ್ಟು ಹೊತ್ತು ಆಡಿಸೋಣ?”

“ನಮ್ಮಣ್ಣನೂ ಅಖಾಡದಲ್ಲಿ ಇದನ್ನೇ ಕೇಳ್ತಿದ್ದ,” ಎಂದು ಅವಳೂ ಪಿಸುಗುಟ್ಟಿದಳು. “ಇದು ನಿಜವಾದ ಕುಸ್ತಿ ಕಣ್ರೀ.”