ಬೆಕ್ಕು ಟ್ಯಾಂಕಿಗಿಳಿದ ದಿನದ ಪಾಸ್‌ವರ್ಡ್

ತೊಂದರೆಯ ಮೂಲ ಇಷ್ಟೇ: ಪಾಸ್‌ವರ್ಡ್‌ಗಳಿಗೆ ಹೆಸರಿಡುವಾಗ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳು ಕಳ್ಳನ ಬಗ್ಗೆ ಯೋಚಿಸಿದ್ದರು, ತಮ್ಮ ನಂತರ ಬರುವ ಕಾರ್ಯದರ್ಶಿಯ ಬಗ್ಗೆ ಯೋಚಿಸಿರಲಿಲ್ಲ.

ಕಟ್ಟಡದ ಆ ಪದವಿಯನ್ನು ಅವರು ಬೇಡಿ ಪಡೆದವರಲ್ಲ. ಒಂದು ಸಭೆಗೆ ತಡವಾಗಿ ಹೋದರು. ಹಾಜರಿದ್ದವರೆಲ್ಲ ಒಲ್ಲೆವೆಂದಿದ್ದರಿಂದ ಶೇಷವಾಗಿ ಉಳಿದವರು ಅವರೊಬ್ಬರೇ. ಅಂದಿನಿಂದ ಲಿಫ್ಟು ಮುನಿಸಿಕೊಂಡರೆ, ನಲ್ಲಿ ಕೆಮ್ಮಿದರೆ, ಮೆಟ್ಟಿಲ ದೀಪ ಕಣ್ಣು ಮಿಟುಕಿಸಿದರೆ ಅವರ ಮನೆಯ ಕರೆಗಂಟೆಯೇ ಹೊಡೆದುಕೊಳ್ಳುತ್ತಿತ್ತು. ಅಂಚೆ ಕಚೇರಿಯಲ್ಲಿ ವಾರವೆಲ್ಲ ಕಾಗದ ವಿಂಗಡಿಸುವವರಿಗೆ ಉಳಿಯುವುದು ಭಾನುವಾರವೊಂದೇ. ಜೊತೆಯವರೆಲ್ಲ ಕೆರೆಗೆ ಮೀನು ಹಿಡಿಯಲು ಹೋಗುವ ಆ ದಿನದಲ್ಲಿ ಇವರು ಪಂಪಿನ ಪಕ್ಕ ಕುಳಿತು ರಿಪೇರಿಯವನ ದಾರಿ ಕಾಯುತ್ತಿದ್ದರು. ಗಾಳ ಕೊಂಡದ್ದಾಗಿತ್ತು; ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚುವುದಷ್ಟೇ ಬಾಕಿ.

ಬಹಳ ದಿನ ಬೆನ್ನು ಬಿದ್ದ ಮೇಲೆ ಎರಡನೇ ಮಹಡಿಯ ಹಲ್ಲಿನ ಡಾಕ್ಟರು ಪದವಿಯನ್ನು ವಹಿಸಿಕೊಳ್ಳಲು ಒಪ್ಪಿದ್ದರು. ಈ ಭಾನುವಾರ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಹಸ್ತಾಂತರ. ಹಸ್ತಾಂತರಿಸಬೇಕಾದದ್ದು ಪಾಸ್‌ವರ್ಡ್‌ಗಳನ್ನು ಮಾತ್ರ. ಲಿಫ್ಟು, ನೀರು, ಕರೆಂಟು ಎಲ್ಲದಕ್ಕೂ ಒಂದೊಂದು ಜಾಲತಾಣ, ಒಂದೊಂದು ಪಾಸ್‌ವರ್ಡ್. ಅವನ್ನೆಲ್ಲ ಒಂದೇ ಬೀಗದೊಳಗೆ ಇಡುವ ಆಪ್ ಒಂದನ್ನು ಕಾರ್ಯದರ್ಶಿಗಳ ನಾದಿನಿ ಅವರ ಫೋನಿಗೆ ಹಾಕಿಕೊಟ್ಟಿದ್ದಳು. ಅದನ್ನು ತಯಾರಿಸುವ ಕಚೇರಿಯಲ್ಲೇ ಅವಳಿಗೆ ಕೆಲಸ.

ಡಾಕ್ಟರು ಕನ್ನಡಕ ಸರಿಪಡಿಸಿಕೊಂಡು ಹುಡುಕುವ ಜಾಗದಲ್ಲಿ 'ಲಿಫ್ಟ್' ಎಂದು ಒತ್ತಿದರು. ಏನೂ ಸಿಗಲಿಲ್ಲ ಎಂದಿತು ಫೋನು.

"ಹಾಗಲ್ಲ ಡಾಕ್ಟರೇ. ಲಿಫ್ಟ್ ಅಂತ ಬರೆದಿಟ್ರೆ ಕಳ್ಳನಿಗೆ ನಾವೇ ದಾರಿ ತೋರಿಸಿದ ಹಾಗಲ್ವಾ. ಖಾತೆ ತೆರೆದ ದಿನ ಏನು ನಡೀತೋ ಅದನ್ನೇ ಹೆಸರು ಇಟ್ಟಿದೀನಿ. 'ಪ್ಯಾಂಟು' ಅಂತ ಒತ್ತಿ."

ಡಾಕ್ಟರು ಒತ್ತಿದರು. 'ದರ್ಜಿ ಪ್ಯಾಂಟು ಹಾಳು ಮಾಡಿದ್ದು' ಎಂಬ ಸಾಲು ಪರದೆಯ ಮೇಲೆ ಮೂಡಿತು. ಅದನ್ನು ಅವರು ಗಟ್ಟಿಯಾಗಿ ಓದಬಾರದಿತ್ತು. ನೆಲಮಹಡಿಯ ದರ್ಜಿ ಅವರ ಭುಜದ ಹಿಂದೆಯೇ ನಿಂತಿದ್ದ.

"ಸಾರ್, ಅಳತೆ ತಗೊಳ್ಳೋವಾಗ ಉಸಿರು ಹಿಡ್ಕೊಂಡು ಹೊಟ್ಟೆ ಒಳಗೆ ಎಳ್ಕೊಂಡಿದ್ದು ಯಾರು?" ಎಂದ ದರ್ಜಿ. "ಆ ಪ್ಯಾಂಟು ನೀವು ಉಸಿರಾಡದೆ ಇರೋವರೆಗೂ ಸರಿಯಾಗೇ ಇತ್ತು."

"ಅದು ಬರೀ ಗುರುತಿಗೆ ಕಣಯ್ಯಾ."

"ಹೋಗಲಿ, ಗೇಟಿನ ಕ್ಯಾಮೆರಾದ್ದು?" ಎಂದರು ಡಾಕ್ಟರು.

ಕಾರ್ಯದರ್ಶಿಗಳು ತಗ್ಗಿದ ದನಿಯಲ್ಲಿ 'ಬೆಕ್ಕು' ಎಂದರು. 'ಅಜ್ಜಿಯ ಬೆಕ್ಕು ಟ್ಯಾಂಕಿಗೆ ಬಿದ್ದದ್ದು' ಎಂಬ ಸಾಲು ಬಂತು. ಮೂರನೇ ಮಹಡಿಯ ಅಜ್ಜಿ ಮೆಟ್ಟಿಲ ಮೇಲೆ ಕುಳಿತಲ್ಲಿಂದಲೇ ಕತ್ತು ಚಾಚಿದರು.

"ಬಿದ್ದಿಲ್ಲಪ್ಪಾ. ಅದು ಇಳಿದಿದ್ದು. ಬೀಳೋ ಜಾತಿಯ ಬೆಕ್ಕಲ್ಲ ಅದು. ತಿದ್ದು ಅದನ್ನ."

ತಿದ್ದುವ ವಿಚಾರ ಇತ್ಯರ್ಥವಾಗುವ ಮೊದಲೇ ಮೇಲಿನಿಂದ ಒಂದು ಗರ್ಜನೆ ಇಳಿದು ಬಂತು. ಅದರ ಹಿಂದೆ ಡಾಕ್ಟರ ಮಾವ ಇಳಿದು ಬಂದರು: ಸೊಂಟಕ್ಕೆ ಟವೆಲು, ತಲೆಯ ತುಂಬ ಸೋಪಿನ ನೊರೆ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಅಳಿಯನನ್ನು ಹುಡುಕುತ್ತಿದ್ದರು. ಮಂಜು ಹೊದ್ದ ಗುಡ್ಡವೊಂದು ಕೋಪಿಸಿಕೊಂಡು ನಡೆದು ಬಂದಂತಿತ್ತು.

"ನೀರು ನಿಂತೋಯ್ತು. ಯಾರ ಜವಾಬ್ದಾರಿ ಇಲ್ಲಿ?"

ಎಲ್ಲರ ದೃಷ್ಟಿ ಮೊದಲು ಡಾಕ್ಟರ ಮೇಲೆ ಬಿತ್ತು. "ನಾನಿನ್ನೂ ತಗೊಂಡಿಲ್ಲ ಮಾವ" ಎಂದರು ಅವರು ಅವಸರದಿಂದ. ದೃಷ್ಟಿಗಳೆಲ್ಲ ಹಿಂದಿರುಗಿ ಯಥಾಸ್ಥಾನ ಸೇರಿದವು.

ಟ್ಯಾಂಕು ಬರಿದಾಗಿತ್ತು. ನೀರಿನ ಲಾರಿಯನ್ನು ತರಿಸುವುದು ನೀರಿನ ಇಲಾಖೆಯ ತಾಣದಿಂದ ಮಾತ್ರ ಸಾಧ್ಯ. ತಾಣವನ್ನು ತೆರೆಯಲು ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಸಿಗಲು ಆ ಖಾತೆ ತೆರೆದ ದಿನ ಏನು ನಡೆದಿತ್ತೆಂಬುದು ನೆನಪಾಗಬೇಕು. ಅದು ಕಾರ್ಯದರ್ಶಿಗಳಿಗೆ ನೆನಪಾಗಲಿಲ್ಲ.

"ಪೂರ್ತಿ ಪಟ್ಟಿ ತೋರಿಸಿ, ಒಂದೊಂದೇ ನೋಡೋಣ" ಎಂದರು ಡಾಕ್ಟರು.

"ಪಟ್ಟಿ ಕಾಣಬಾರದು ಅಂತ ಒಂದು ಗುಂಡಿ ಒತ್ತಿಟ್ಟಿದೀನಿ. ಹುಡುಕಿದ್ದು ಮಾತ್ರ ಕಾಣುತ್ತೆ."

"ಆ ಗುಂಡಿ ಮತ್ತೆ ಒತ್ತಿ."

"ಅದನ್ನೂ ಹುಡುಕಬೇಕು."

ಆಮೇಲೆ ನಡೆದದ್ದು ಕಟ್ಟಡದ ಸಾಮೂಹಿಕ ಸ್ಮರಣೆ. "ನನ್ನ ಅಂಗಡಿ ಬೋರ್ಡು ಗಾಳಿಗೆ ಬಿದ್ದ ದಿನ ಇರಬಹುದಾ?" ಎಂದ ದರ್ಜಿ. ಇರಲಿಲ್ಲ. "ನನ್ನ ಮೊಮ್ಮಗಳ ನಿಶ್ಚಿತಾರ್ಥ ಮುರೀತಲ್ಲ, ಆವತ್ತಾ?" ಎಂದರು ಅಜ್ಜಿ. ಅಂಥದೊಂದು ನಡೆದಿತ್ತೆಂಬುದೇ ಅಲ್ಲಿದ್ದ ಬಹಳ ಮಂದಿಗೆ ಆಗ ತಿಳಿಯಿತು. ಡಾಕ್ಟರು 'ಹಲ್ಲು' ಎಂದು ಒತ್ತಿ ನೋಡಿದರು. ಮೆಟ್ಟಿಲ ದೀಪದ ಖಾತೆ ಸಿಕ್ಕಿತು, 'ಡಾಕ್ಟರು ತಪ್ಪು ಹಲ್ಲು ಕಿತ್ತದ್ದು' ಎಂಬ ಹೆಸರಿನಲ್ಲಿ. ಡಾಕ್ಟರು ಅದನ್ನು ಗಟ್ಟಿಯಾಗಿ ಓದಲಿಲ್ಲ. ಅವರ ಮಾವ ತೆರೆದಿದ್ದ ಒಂದೇ ಕಣ್ಣಿನಿಂದ ಓದಿಕೊಂಡು ಅಳಿಯನನ್ನು ಹೊಸದಾಗಿ ನೋಡಿದರು.

ಕಾರ್ಯದರ್ಶಿಗಳ ಹೆಂಡತಿ ಇಷ್ಟು ಹೊತ್ತೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು.

"ನಂಗೆ ಗೊತ್ತು ಯಾವ ದಿನ ಅಂತ."

"ಹೇಳೇ ಮತ್ತೆ."

"ನಾನ್ಯಾಕೆ ಹೇಳಲಿ? ನೀವೇ ನೆನಪು ಮಾಡ್ಕೊಳ್ಳಿ. ಆವತ್ತೂ ಹೀಗೇ ಹೇಳಿದ್ದೆ."

ಆ ಕೊನೆಯ ಮಾತಿನಿಂದ ಕಾರ್ಯದರ್ಶಿಗಳಿಗೆ ಬೆಳಕಾಯಿತು. ಮುಖ ಮಾತ್ರ ಕಪ್ಪಾಯಿತು. ಪರದೆಗೆ ಕೈ ಅಡ್ಡ ಹಿಡಿದು 'ಮದುವೆ' ಎಂದು ಒತ್ತಿದರು. ಎಷ್ಟು ಅಡ್ಡ ಹಿಡಿದರೂ ಅಷ್ಟು ಮಂದಿಗೆ ಒಂದು ಕೈ ಸಾಲದು. 'ಮದುವೆಯ ದಿನ ಮರೆತದ್ದು' ಎಂಬುದನ್ನು ಎಲ್ಲರೂ ಓದಿದರು. ನೀರಿನ ಲಾರಿ ಬಂತು, ನೊರೆ ಇಳಿಯಿತು, ಹಸ್ತಾಂತರ ಮಾತ್ರ ಆಗಲಿಲ್ಲ.

"ಕ್ಷಮಿಸಿ. ನಿಮ್ಮ ಸಂಸಾರದ ಚರಿತ್ರೆಯನ್ನೆಲ್ಲ ಬಾಯಿಪಾಠ ಮಾಡ್ಕೊಂಡು ಈ ಕೆಲಸ ಮಾಡೋಕೆ ನನ್ನಿಂದಾಗಲ್ಲ" ಎಂದರು ಡಾಕ್ಟರು. "ಸಂಜೆವರೆಗೂ ಟೈಮ್ ಕೊಡ್ತೀನಿ. ಯಾರು ಯಾವ ಮಾತು ಒತ್ತಿದ್ರೂ ಬೇಕಾದ್ದು ಸಿಗೋ ಹಾಗಿದ್ರೆ ನೋಡೋಣ."

ಮಧ್ಯಾಹ್ನದ ಊಟಕ್ಕೆ ಬಂದ ನಾದಿನಿ ಕತೆಯನ್ನೆಲ್ಲ ಕೇಳಿ ನಗಲಿಲ್ಲ. ಕಣ್ಣರಳಿಸಿಕೊಂಡೇ ಕೇಳಿಸಿಕೊಂಡಳು.

"ಭಾವ, ತಪ್ಪು ನಿಮ್ಮೊಬ್ಬರದೇ ಅಲ್ಲ, ನಮ್ಮದೂ ಇದೆ. ಇಟ್ಟ ಹೆಸರನ್ನೇ ಒತ್ತಬೇಕು ಅಂತ ನಾವು ಕೂತಿದೀವಿ. ಹೆಸರು ಯಾರಿಗೆ ನೆನಪಿರುತ್ತೆ? ತೊಂದರೆ ನೆನಪಿರುತ್ತೆ."

"ಈಗೇನು ಮಾಡೋದು?"

"ಒಂದೊಂದು ಪಾಸ್‌ವರ್ಡಿಗೂ ಎಷ್ಟು ಬೇಕಾದ್ರೂ ಅಡ್ಡಹೆಸರು ಕೊಡೋ ಹಾಗೆ ಹೊಸದೊಂದು ಮಾಡ್ತಿದೀವಿ. ನಿಮ್ಮ ಫೋನಲ್ಲೇ ಪರೀಕ್ಷೆ ಮಾಡ್ತೀನಿ. ಜನ ಏನಂತಾರೆ ಅನ್ನೋದು ನನಗೆ ಬೇಕು, ಅಷ್ಟೇ."

ಅವಳು ಮನೆಮನೆಯ ಬಾಗಿಲು ತಟ್ಟಿದಳು. ಕಾರ್ಯದರ್ಶಿಗಳು ಹಿಂದೆ ಹಿಂದೆ ಫೋನು ಹಿಡಿದು ನಡೆದರು. ಕರೆಂಟು ಹೋದರೆ ಏನೆಂದು ಹುಡುಕುತ್ತೀರಿ ಎಂದು ಕೇಳಿದ್ದಕ್ಕೆ ಅಜ್ಜಿ "ಫ್ಯಾನು ತಿರುಗ್ತಿಲ್ಲ" ಎಂದರು.

"ಅಜ್ಜಿ, ಅದು ಫ್ಯಾನಿನ ಮಾತಾಯ್ತು. ಕರೆಂಟಿಗೆ ಏನಂತೀರಿ?"

"ಕರೆಂಟು ನಂಗೆ ಕಾಣುತ್ತೇನಮ್ಮಾ? ಕಾಣೋದು ಫ್ಯಾನು."

ನಾದಿನಿ ಅದನ್ನು ಹಾಗೆಯೇ ಬರೆದುಕೊಂಡಳು. ದರ್ಜಿ "ಇಸ್ತ್ರಿಪೆಟ್ಟಿಗೆ ತಣ್ಣಗಾಯ್ತು" ಎಂದ. ಡಾಕ್ಟರು ಮೊದಲು "ವಿದ್ಯುತ್ ಸರಬರಾಜು" ಎಂದು ಗಂಭೀರವಾಗಿ ಹೇಳಿ, ಆಕೆ ಹೊರಟ ಮೇಲೆ ಬಾಗಿಲು ತೆರೆದು, "ಕತ್ತಲೆ ಅಂತಲೂ ಸೇರಿಸಿ" ಎಂದರು.

ಸಂಜೆ ಮತ್ತೆ ಮೆಟ್ಟಿಲ ಬುಡದಲ್ಲಿ ಸಭೆ ಸೇರಿತು. ಡಾಕ್ಟರು 'ಕತ್ತಲೆ' ಎಂದು ಒತ್ತಿದರು. ಕರೆಂಟಿನ ಖಾತೆ ಥಟ್ಟನೆ ಬಂತು. ದರ್ಜಿ 'ಇಸ್ತ್ರಿ' ಎಂದು ಒತ್ತಿದ, ಅದೇ ಬಂತು. ಅಜ್ಜಿ ಒಂದು ಬೆರಳಿನಿಂದ, ಇರುವೆಯ ಬೆನ್ನು ಸವರುವಷ್ಟು ಜಾಗರೂಕತೆಯಿಂದ, 'ಫ್ಯಾನು' ಎಂದು ಒತ್ತಿದರು, ಅದೂ ಬಂತು. ಡಾಕ್ಟರ ಮಾವ ಎಲ್ಲರನ್ನೂ ಸರಿಸಿ 'ಸೋಪು' ಎಂದು ಒತ್ತಿದರು. ನೀರಿನ ಇಲಾಖೆಯ ಪಾಸ್‌ವರ್ಡ್ ಕೈಕಟ್ಟಿ ನಿಂತಿತು. ಮೆಟ್ಟಿಲುಗಳ ಮೇಲೆ ಚಪ್ಪಾಳೆ ಕೇಳಿಸಿತು.

ಕಾರ್ಯದರ್ಶಿಗಳು ಗಂಟಲು ಸರಿಪಡಿಸಿಕೊಂಡರು. "ಹಾಗಾದ್ರೆ ಡಾಕ್ಟರೇ, ಇನ್ನು ನೀವು ವಹಿಸ್ಕೊಳ್ಳಿ."

ಡಾಕ್ಟರು ಯೋಚಿಸುತ್ತ ಗಲ್ಲ ಸವರಿಕೊಂಡರು.

"ಕಾರ್ಯದರ್ಶಿಗಳೇ, ನೀವು ಈ ಕೆಲಸ ಬಿಡ್ತಿದ್ದಿದ್ದು ಯಾಕೆ?"

"ತುಂಬಾ ಕೆಲಸ. ಏನು ಕೆಟ್ರೂ ಎಲ್ಲರೂ ನನ್ನನ್ನೇ ಕರೀತಾರೆ."

"ಈಗ ಯಾಕೆ ಕರೀತಾರೆ? ಅಜ್ಜಿಯೇ ಹುಡುಕ್ತಾರೆ, ನಮ್ಮ ಮಾವನೇ ಹುಡುಕ್ತಾರೆ. ಕೆಲಸ ಎಲ್ಲಿ ಉಳೀತು?"

"ಹೌದಲ್ವಾ ಸಾರ್" ಎಂದ ದರ್ಜಿ. "ಮಾಡೋಕೆ ಏನೂ ಇಲ್ಲದ ಕೆಲಸವನ್ನ ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಯಾಕೆ ಕೊಡಬೇಕು?"

"ಅಷ್ಟು ವರ್ಷ ಕಷ್ಟಪಟ್ಟವರು ಅವರು" ಎಂದರು ಡಾಕ್ಟರು, ಕೃತಜ್ಞತೆಯಿಂದ ದನಿ ಭಾರವಾಗಿ. "ಸುಖದ ಕಾಲ ಬಂದಾಗ ನಾನು ಹೋಗಿ ಕೂತ್ಕೊಳ್ಳೋದು ನ್ಯಾಯ ಅಲ್ಲ. ಇವರೇ ಮುಂದುವರೀಲಿ ಅನ್ನೋರು ಕೈ ಎತ್ತಿ."

ಲೆಕ್ಕ ಹಾಕುವ ಅಗತ್ಯವೇ ಬೀಳಲಿಲ್ಲ. ಎತ್ತಿದ ಕೈಗಳಲ್ಲಿ ಕಾರ್ಯದರ್ಶಿಗಳ ಹೆಂಡತಿಯದೂ ಒಂದಿತ್ತು. ಪರೀಕ್ಷೆ ಯಶಸ್ವಿಯಾದ ಸಂತೋಷದಲ್ಲಿದ್ದ ನಾದಿನಿ, ತಾನು ಆ ಕಟ್ಟಡದವಳಲ್ಲವೆಂಬುದನ್ನು ಮರೆತು, ಎರಡೂ ಕೈ ಎತ್ತಿದ್ದಳು.

ಕಾರ್ಯದರ್ಶಿಗಳು ಮನೆಯೊಳಗೆ ಹೋಗಿ ಕುರ್ಚಿಗೆ ಬೆನ್ನು ಕೊಡುವಷ್ಟರಲ್ಲಿ ಕರೆಗಂಟೆ ಹೊಡೆದುಕೊಂಡಿತು. ಬಾಗಿಲಲ್ಲಿ ಅಜ್ಜಿ ನಿಂತಿದ್ದರು.

"ನಿನಗೇನೂ ತೊಂದರೆ ಕೊಡಲ್ಲಪ್ಪಾ. ಫೋನು ಕೊಡು ಸಾಕು. ಲಿಫ್ಟು ಕೆಟ್ರೆ ನಂಗೆ ಸಿಗುತ್ತೋ ಇಲ್ವೋ ನೋಡ್ಬೇಕು."

"ಲಿಫ್ಟು ಚೆನ್ನಾಗೇ ಇದೆಯಲ್ಲ ಅಜ್ಜಿ."

"ಅದಕ್ಕೇ ಈಗ್ಲೇ ಬಂದೆ. ಕೆಟ್ಟಾಗ ಬಂದ್ರೆ ಇಲ್ಲಿ ಸಾಲು ನಿಂತಿರುತ್ತೆ."

ಅವರ ಹಿಂದೆ, ಒಂದು ಮೆಟ್ಟಿಲು ಕೆಳಗೆ, ದರ್ಜಿ ಕನ್ನಡಕ ಒರೆಸಿಕೊಳ್ಳುತ್ತ ತನ್ನ ಸರದಿಗಾಗಿ ಕಾಯುತ್ತಿದ್ದ.